ಉಪ್ಪಿನ ಊರಿನ ಮೇಲೆ ಬಾಂಬು: ವೆಂಡೋವರ್ ವಿಮಾನ ನೆಲೆಯ ಪ್ರಕರಣ

1942ರ ಏಪ್ರಿಲ್. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದು ನಾಲ್ಕು ತಿಂಗಳಾಗಿತ್ತು. ಅಮೆರಿಕದ ವಾಯುಸೇನೆಯ 306ನೇ ಬಾಂಬರ್ ಗುಂಪಿನ ಹುಡುಗರು ವೆಂಡೋವರ್ ಎಂಬ ಊರಿಗೆ ಬಂದಿಳಿದರು. ಯೂಟಾ ಮತ್ತು ನೆವಾಡಾ ರಾಜ್ಯಗಳ ಗಡಿಗೆರೆಯ ಮೇಲೆಯೇ ಕೂತಿರುವ ಊರು ಅದು. ಸೇನೆ ಅಲ್ಲಿಗೆ ಬರುವ ಮೊದಲು ಊರಿನ ಜನಸಂಖ್ಯೆ ಸುಮಾರು ನೂರು. ಪೂರ್ವಕ್ಕೆ ತಿರುಗಿದರೆ ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು. ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಹತ್ತಿರದ ದೊಡ್ಡ ಊರು ಸಾಲ್ಟ್ ಲೇಕ್ ಸಿಟಿ, ಅದೂ ಸುಮಾರು 190 ಕಿಲೋಮೀಟರ್ ದೂರ.

ಮೂರು ವರ್ಷ ಕಳೆಯುವುದರೊಳಗೆ ಇದೇ ಜಾಗದಿಂದ ಇಪ್ಪತ್ತರಷ್ಟು ಭಾರಿ ಬಾಂಬರ್ ಗುಂಪುಗಳು ಯುದ್ಧಕ್ಕೆ ಹೋದವು. ಕೊನೆಗೆ ಹಿರೋಷಿಮಾ, ನಾಗಾಸಾಕಿಗಳ ಮೇಲೆ ಅಣುಬಾಂಬ್ ಹಾಕಿದ ದಳ ಕಲಿತದ್ದೂ ಇಲ್ಲೇ. ಇಂಥ ನೆಲೆಗಳು ಆಗ ಅಮೆರಿಕದ ಪಶ್ಚಿಮ ಭಾಗದಲ್ಲಿ ಹತ್ತಾರು ಇದ್ದವು. ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ, ಅರಿಜೋನಾದ ಡೇವಿಸ್-ಮಾಂಥನ್, ಕ್ಯಾಲಿಫೋರ್ನಿಯಾದ ಮ್ಯುರಾಕ್, ಹೀಗೆ. ಅವುಗಳಲ್ಲಿ ವೆಂಡೋವರ್ ಒಂದನ್ನೇ ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ. ನನ್ನ ಪ್ರಶ್ನೆ ಇಷ್ಟೇ: ಮೋಡವಿಲ್ಲದ ಆಕಾಶದ ಕೆಳಗೆ, ಮನುಷ್ಯರಿಲ್ಲದ ನೆಲದ ಮೇಲೆ ಬಾಂಬ್ ಹಾಕಲು ಕಲಿತವರು ಮೋಡ ಕವಿದ, ಜನ ತುಂಬಿದ ಊರುಗಳ ಮೇಲೆ ಹಾರಿದಾಗ ಏನಾಯಿತು?

ಊರು ಹುಟ್ಟಿದ ಬಗೆ

ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಬಾನ್‌ವಿಲ್ ಎಂಬ ಭಾರಿ ಸರೋವರವಿತ್ತು. ಅದು ಬತ್ತಿ ಹೋಗಿ ಉಳಿದದ್ದು ಈ ಉಪ್ಪಿನ ಬಯಲು. ಚಳಿಗಾಲದಲ್ಲಿ ಇದರ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ. ಬೇಸಿಗೆಗೆ ಆರಿ ಮತ್ತೆ ನುಣ್ಣಗಾಗುತ್ತದೆ. 1846ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟ ಡಾನರ್ ತಂಡದವರು ಈ ಬಯಲನ್ನು ಎತ್ತಿನ ಗಾಡಿಗಳಲ್ಲಿ ದಾಟಿದರು. ದಾರಿಯಲ್ಲಿ ಎತ್ತುಗಳು ಹೋದವು, ಗಾಡಿಗಳನ್ನು ಬಿಟ್ಟುಬಿಡಬೇಕಾಯಿತು. ಅವರಿಗೆ ಕೊನೆಗೂ ನೀರು ಸಿಕ್ಕಿದ್ದು ಪೈಲಟ್ ಪೀಕ್ ಬೆಟ್ಟದ ಬುಡದ ಒರತೆಯಲ್ಲಿ.

ಅದೇ ಬೆಟ್ಟದ ನೀರನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೈಲು ಕಂಪನಿ ಕೊಳವೆಯಲ್ಲಿ ತಂದಿತು. ಉಗಿ ಎಂಜಿನ್‌ಗೆ ನೀರು ಬೇಕಲ್ಲ, ಅದಕ್ಕೆ. ಆ ನೀರಿನ ಸುತ್ತ ವೆಂಡೋವರ್ ಹುಟ್ಟಿಕೊಂಡಿತು. 1914ರ ಜೂನ್ 17ರಂದು ಅಮೆರಿಕದ ಎರಡು ಕರಾವಳಿಗಳನ್ನು ಸೇರಿಸುವ ಟೆಲಿಫೋನ್ ತಂತಿಯ ಕೊನೆಯ ಕಂಬ ನೆಟ್ಟದ್ದೂ ಇಲ್ಲೇ. ಆಮೇಲೆ ಹೆದ್ದಾರಿ ಬಂತು. ಉಪ್ಪಿನ ಬಯಲಿನಿಂದ ಪೊಟ್ಯಾಷ್ ತೆಗೆಯುವ ಕೆಲಸವೂ ಇತ್ತು. ರೈಲು, ಪೊಟ್ಯಾಷ್, ದಾರಿಹೋಕರಿಗೆ ಒಂದು ಪೆಟ್ರೋಲ್ ಬಂಕ್ ಮತ್ತು ಹೋಟೆಲ್. ಊರು ಅಂದರೆ ಅಷ್ಟೇ.

ಖಾಲಿ ಜಾಗ ಎಂದವರು ಯಾರು?

1940ರಲ್ಲಿ ಯುರೋಪಿನಲ್ಲಿ ಫ್ರಾನ್ಸ್ ಸೋತಿತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ತನ್ನ ವಾಯುಬಲವನ್ನು ಬೇಗ ಬೇಗ ಬೆಳೆಸತೊಡಗಿತ್ತು. ಬಾಂಬರ್‌ಗಳು ಬರುತ್ತಿದ್ದವು. ಅವುಗಳನ್ನು ಹಾರಿಸುವವರಿಗೆ ಬಾಂಬ್ ಹಾಕಿ ಅಭ್ಯಾಸ ಮಾಡಲು ಜಾಗ ಬೇಕಿತ್ತು. ಅದೂ ಚಿಕ್ಕ ಜಾಗ ಸಾಲದು. ಆರೇಳು ಸಾವಿರ ಮೀಟರ್ ಎತ್ತರದಿಂದ ಬಿದ್ದ ಬಾಂಬ್ ಗುರಿ ತಪ್ಪಿದರೆ ಎಲ್ಲೋ ಹೋಗಿ ಬೀಳುತ್ತದೆ.

ವೆಂಡೋವರ್‌ನಲ್ಲಿ ಸೇನೆಗೆ ಬೇಕಾದದ್ದೆಲ್ಲ ಇತ್ತು. ಮಟ್ಟಸವಾದ ನೆಲ. ವರ್ಷದಲ್ಲಿ ಬಹುಪಾಲು ದಿನ ತಿಳಿಯಾದ ಆಕಾಶ. ಸಾಮಾನು ತರಲು ರೈಲು. ಕರಾವಳಿಯಿಂದ ದೂರ, ಶತ್ರುಗಳ ದಾಳಿಯ ಭಯವಿಲ್ಲ. ಸುಮಾರು 18 ಲಕ್ಷ ಎಕರೆಯನ್ನು ಬಾಂಬ್ ಮತ್ತು ಗುಂಡಿನ ಅಭ್ಯಾಸಕ್ಕೆಂದು ಎತ್ತಿಟ್ಟರು. ಉದ್ದ 86 ಮೈಲಿ, ಅಗಲ 18ರಿಂದ 36 ಮೈಲಿ.

ಇದನ್ನು ಖಾಲಿ ಜಾಗ ಎಂದು ಕರೆದರು. ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಉಪ್ಪಿನ ಬಯಲಿನ ನಡುವೆ ನಿಜವಾಗಿಯೂ ಏನೂ ಬೆಳೆಯುವುದಿಲ್ಲ. ಆದರೆ ಅದರ ಅಂಚುಗಳಲ್ಲಿ ಕುರಿ ಮೇಯುತ್ತಿದ್ದವು. ಯೂಟಾದ ಕುರಿಗಾರರಿಗೆ ಈ ಮರುಭೂಮಿ ಚಳಿಗಾಲದ ಹುಲ್ಲುಗಾವಲು. ಬೇಸಿಗೆಯಲ್ಲಿ ನೀರಿಲ್ಲದ ಈ ನೆಲದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ಕುರಿಗಳು ಆ ಹಿಮವನ್ನೇ ತಿಂದು ಬಾಯಾರಿಕೆ ತೀರಿಸಿಕೊಳ್ಳುತ್ತವೆ. ಹಾಗಾಗಿ ಜಾನುವಾರು ಸಾಕುವವರು ಸೇನೆಯ ಯೋಜನೆಗೆ ಅಡ್ಡ ನಿಂತರು, ತಕರಾರು ಸಲ್ಲಿಸಿದರು. ಸೇನೆಯ ಮಾತೇ ನಡೆಯಿತು. ಅವರಿಗಿಂತ ಬಹಳ ಹಿಂದಿನಿಂದ ಈ ಮರುಭೂಮಿ ಗೋಶೂಟ್ ಎಂಬ ಮೂಲನಿವಾಸಿಗಳ ನಾಡು. ಎಲ್ಲಿ ನೀರಿದೆ, ಯಾವ ಕಾಲಕ್ಕೆ ಯಾವ ಬೀಜ ಸಿಗುತ್ತದೆ ಎಂದು ತಿಳಿದು ಬದುಕಿದ ಜನ. ಇವತ್ತಿಗೂ ಅವರು ಅಲ್ಲಿ ಹತ್ತಿರದ ಕಣಿವೆಗಳಲ್ಲಿದ್ದಾರೆ. ನಕ್ಷೆಯಲ್ಲಿ ಮನೆಗಳ ಚುಕ್ಕೆ ಇಲ್ಲ ಎಂದ ಮಾತ್ರಕ್ಕೆ ಜಾಗ ಖಾಲಿ ಎನ್ನಲು ಆಗುವುದಿಲ್ಲ, ಅಲ್ವಾ?

1940ರ ಕೊನೆಯ ತಿಂಗಳುಗಳಲ್ಲಿ ಕೆಲಸ ಶುರುವಾಯಿತು. 1941ರ ಆಗಸ್ಟ್‌ನಲ್ಲಿ ಮೊದಲ ಸೈನಿಕರ ಪುಟ್ಟ ತುಕಡಿ ಬಂತು. ಅವರ ಕೆಲಸ ಬಯಲಿನಲ್ಲಿ ಗುರಿಗಳನ್ನು ಕಟ್ಟುವುದು. ಡಿಸೆಂಬರ್ 7ಕ್ಕೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಅಲ್ಲಿಂದ ಮುಂದೆ ಎಲ್ಲವೂ ಓಡತೊಡಗಿತು. 1943ರ ಕೊನೆಯ ಹೊತ್ತಿಗೆ ನೂರು ಜನರ ಊರಿನ ಪಕ್ಕದಲ್ಲಿ ಸುಮಾರು 17,500 ಸೈನಿಕರು, 2,000 ಕೆಲಸಗಾರರು ಇದ್ದರು. ಯುದ್ಧ ಮುಗಿಯುವಾಗ ಕಟ್ಟಡಗಳ ಲೆಕ್ಕ 668. ಅದರಲ್ಲಿ 300 ಹಾಸಿಗೆಗಳ ಆಸ್ಪತ್ರೆಯೂ ಸೇರಿತ್ತು. ಹೆಚ್ಚಿನವು ಮರದ ತಾತ್ಕಾಲಿಕ ಕಟ್ಟಡಗಳು. ಅವುಗಳಿಗೆಲ್ಲ ನೀರು ಮಾತ್ರ ಅದೇ ಪೈಲಟ್ ಪೀಕ್ ಬೆಟ್ಟದಿಂದ ಬರಬೇಕಿತ್ತು.

ಕಲಿಕೆ ನಡೆಯುತ್ತಿದ್ದ ರೀತಿ

ಬಿ-17 ಅಥವಾ ಬಿ-24 ಬಾಂಬರ್ ಒಂದರಲ್ಲಿ ಹತ್ತು ಜನ. ಪೈಲಟ್, ಸಹ ಪೈಲಟ್, ದಾರಿ ಹೇಳುವ ನ್ಯಾವಿಗೇಟರ್, ಬಾಂಬ್ ಬಿಡುವ ಬಾಂಬಾರ್ಡಿಯರ್, ರೇಡಿಯೋ ನೋಡುವವನು, ಎಂಜಿನ್ ನೋಡುವವನು, ಉಳಿದವರು ಗನ್ನರ್‌ಗಳು. ಪ್ರತಿಯೊಬ್ಬನೂ ತನ್ನ ತನ್ನ ಕೆಲಸದ ಶಾಲೆಯನ್ನು ಬೇರೆ ಎಲ್ಲೋ ಮುಗಿಸಿ ಬರುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಬಹಳ ಜನಕ್ಕೆ ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ಇವರನ್ನು ಒಂದು ವಿಮಾನದ ತಂಡವಾಗಿ, ಆ ತಂಡಗಳನ್ನು ಒಂದು ಗುಂಪಾಗಿ ಕಟ್ಟುವುದೇ ವೆಂಡೋವರ್‌ನಂಥ ನೆಲೆಗಳ ಕೆಲಸ.

ಇದಕ್ಕೆ ಮೂರು ಹಂತ ಮಾಡಿದ್ದರು. ಮೊದಲ ಹಂತದಲ್ಲಿ ಒಂದೊಂದು ತಂಡ ತನ್ನ ವಿಮಾನವನ್ನು ಅರಿಯಬೇಕು. ರಾತ್ರಿ ಹಾರಾಟ, ಬರೀ ಮೀಟರ್‌ಗಳನ್ನು ನೋಡಿ ಹಾರುವುದು ಇಂಥವು. ಎರಡನೇ ಹಂತದಲ್ಲಿ ಬಾಂಬ್ ಎಸೆತ, ಗುಂಡಿನ ಅಭ್ಯಾಸ, ಒಂದರ ಪಕ್ಕ ಒಂದು ಸಾಲುಗಟ್ಟಿ ಹಾರುವುದು. ಮೂರನೆಯದರಲ್ಲಿ ಇಡೀ ಗುಂಪು ಒಟ್ಟಾಗಿ ದೂರದ ಹಾರಾಟ. ಒಂದೊಂದು ಹಂತಕ್ಕೆ ಒಂದೊಂದು ನೆಲೆಗೆ ಗುಂಪುಗಳನ್ನು ಕಳಿಸುವುದೂ ಇತ್ತು. 100ನೇ ಬಾಂಬರ್ ಗುಂಪು 1942ರ ನವೆಂಬರ್ ಕೊನೆಯಲ್ಲಿ ವೆಂಡೋವರ್‌ಗೆ ಬಂದದ್ದು ಎರಡನೇ ಹಂತಕ್ಕೆ.

ಬಾಂಬ್ ಎಸೆತದ ಜೀವಾಳ ನಾರ್ಡನ್ ಎಂಬ ಗುರಿನೋಟದ ಯಂತ್ರ. ವಿಮಾನದ ವೇಗ, ಎತ್ತರ, ಗಾಳಿ ಪಕ್ಕಕ್ಕೆ ತಳ್ಳುವ ಪ್ರಮಾಣ, ಇವನ್ನೆಲ್ಲ ಸೇರಿಸಿ ಬಾಂಬ್ ಯಾವ ಕ್ಷಣದಲ್ಲಿ ಬಿಡಬೇಕು ಎಂದು ಅದು ಲೆಕ್ಕ ಹಾಕುತ್ತಿತ್ತು. ಅದನ್ನು ವಿಮಾನದ ಸ್ವಯಂಚಾಲಿತ ಚುಕ್ಕಾಣಿಗೆ ಜೋಡಿಸಿದ್ದರು. ಗುರಿಯ ಕಡೆಗಿನ ಕೊನೆಯ ಕೆಲವು ನಿಮಿಷ ವಿಮಾನ ನಡೆಸುತ್ತಿದ್ದವನು ಪೈಲಟ್ ಅಲ್ಲ, ಮೂಗಿನ ಗಾಜಿನ ಗೂಡಿನಲ್ಲಿ ಬಗ್ಗಿ ಕೂತ ಬಾಂಬಾರ್ಡಿಯರ್. ಈ ಯಂತ್ರ ಆಗ ದೊಡ್ಡ ಗುಟ್ಟು. ಹಾರಾಟ ಮುಗಿದ ಕೂಡಲೇ ಬಿಚ್ಚಿ, ಕಾವಲಿನಲ್ಲಿ ತಂದು, ಭದ್ರ ಕೋಣೆಯಲ್ಲಿ ಇಡಬೇಕು. ವೆಂಡೋವರ್‌ನಲ್ಲಿ ಅದಕ್ಕೆಂದೇ ಒಂದು ಕಟ್ಟಡವಿತ್ತು, ಈಗಲೂ ಇದೆ.

ನಾರ್ಡನ್‌ಗೆ ಒಂದು ಷರತ್ತು ಇತ್ತು. ಬಾಂಬಾರ್ಡಿಯರ್‌ನ ಕಣ್ಣಿಗೆ ಗುರಿ ಕಾಣಬೇಕು. ವಿಮಾನ ಅಲುಗಾಡದೆ ನೇರ ಹೋಗಬೇಕು. ಕಾಣದಿದ್ದರೆ ಯಂತ್ರ ಸುಮ್ನೆ ಕೂತ ಹಾಗೆ. ವೆಂಡೋವರ್‌ನಲ್ಲಿ ಗುರಿ ಕಾಣದಿರುವ ದಿನವೇ ಅಪರೂಪ.

ಅಭ್ಯಾಸದ ಬಾಂಬ್ ನಿಜವಾದದ್ದಲ್ಲ. ತಗಡಿನ ಕೊಳವೆ, ಒಳಗೆ ಮರಳು, ಒಟ್ಟು 100 ಪೌಂಡ್, ಅಂದರೆ ಸುಮಾರು 45 ಕಿಲೋ ತೂಕ. ಬಿದ್ದ ಜಾಗ ಗೊತ್ತಾಗಲಿ ಎಂದು ಸ್ವಲ್ಪ ಮದ್ದಿನ ಪುಡಿ ಇಡುತ್ತಿದ್ದರು. ನೆಲ ಮುಟ್ಟಿದ ಕೂಡಲೇ ಒಂದು ಮಿಂಚು, ಒಂದು ಹೊಗೆ. ಮೇಲಿನಿಂದ ಅದನ್ನು ನೋಡಿ ಎಷ್ಟು ತಪ್ಪಿತು ಎಂದು ಬರೆದುಕೊಳ್ಳಬೇಕು. ಮತ್ತೆ ತಿರುಗಿ ಬರಬೇಕು. ಮತ್ತೊಂದು ಬಿಡಬೇಕು.

ಗುರಿಗಳ ವಿಷಯ ಕೇಳಿ. ಬಯಲಿನಲ್ಲಿ ಕೈಗೆ ಸಿಗುತ್ತಿದ್ದ ಒಂದೇ ವಸ್ತು ಉಪ್ಪು. ಅದರಿಂದಲೇ ನಿಜ ಅಳತೆಯ ಶತ್ರು ಯುದ್ಧನೌಕೆಗಳನ್ನು ಮಾಡಿದರು. ಉಪ್ಪಿನಿಂದಲೇ ಒಂದು ಊರನ್ನೂ ಕಟ್ಟಿದರು. ರಾತ್ರಿಯ ಅಭ್ಯಾಸಕ್ಕೆ ಗುರಿಗಳಿಗೆ ವಿದ್ಯುತ್ ದೀಪ ಹಾಕಿದರು. ಆ ಉಪ್ಪಿನ ಊರಿನ ಮೇಲೆ ದಿನವೂ ಮರಳಿನ ಬಾಂಬ್ ಬೀಳುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿನಿಂದ ಹೋಗದ ಚಿತ್ರ ಇದು. ಬೀದಿಗಳಲ್ಲಿ ಯಾರೂ ಇಲ್ಲದ, ಅಡುಗೆಮನೆಯಿಂದ ಹೊಗೆ ಏಳದ ಊರು. ಮೇಲಿನಿಂದ ನೋಡುವ ಹುಡುಗನಿಗೆ ಅದು ಬಿಳಿಯ ಮೇಲಿನ ಗೆರೆಗಳು ಮಾತ್ರ. ಅವನಿಗೆ ಅದಕ್ಕಿಂತ ಜಾಸ್ತಿ ಕಾಣಬೇಕು ಎಂದು ಯಾರೂ ಬಯಸಿರಲೂ ಇಲ್ಲ.

ಗನ್ನರ್‌ಗಳದ್ದು ಬೇರೆ ಪಾಠ. ಹಾರುವ ವಿಮಾನದಿಂದ ಹಾರುವ ವಿಮಾನಕ್ಕೆ ಗುಂಡು ಹೊಡೆಯುವಾಗ ಎದುರಾಳಿ ಈಗ ಇರುವ ಜಾಗಕ್ಕೆ ಹೊಡೆದರೆ ತಪ್ಪುತ್ತದೆ, ಅವನು ಮುಂದೆ ಬರುವ ಜಾಗಕ್ಕೆ ಹೊಡೆಯಬೇಕು. ಅದನ್ನು ಕೈಗೆ ಕಲಿಸಲು ವೆಂಡೋವರ್‌ನಲ್ಲಿ ಒಂದು ಉಪಾಯ ಮಾಡಿದರು. ಒಂದು ರೈಲು ಬಂಡಿಯ ಮೇಲೆ ಮೂರು ಮೆಷಿನ್ ಗನ್ ಕೂರಿಸಿ, ಹಳಿಯ ಮೇಲೆ ಗಂಟೆಗೆ 40 ಮೈಲಿಯವರೆಗಿನ ವೇಗದಲ್ಲಿ ಓಡಿಸುತ್ತಿದ್ದರು. ಹುಡುಗರು ಓಡುವ ಬಂಡಿಯಿಂದ ಗುರಿಗಳಿಗೆ ಹೊಡೆಯಬೇಕು. ಅದಕ್ಕೆ 'ಟೋಕಿಯೋ ಟ್ರಾಲಿ' ಎಂದು ಹೆಸರಿಟ್ಟಿದ್ದರು.

ಬದುಕು ಸುಲಭವಿರಲಿಲ್ಲ. ಬೇಸಿಗೆಯಲ್ಲಿ ಉರಿ, ಚಳಿಗಾಲದಲ್ಲಿ ಕೊರೆಯುವ ಗಾಳಿ, ಯಾವಾಗಲೂ ಧೂಳು. ಹಾಸ್ಯನಟ ಬಾಬ್ ಹೋಪ್ ಈ ಊರನ್ನು 'ಲೆಫ್ಟೋವರ್', ಅಂದರೆ ಮಿಕ್ಕಿದ್ದು, ತಂಗಳು ಎಂದು ಕರೆದ ಕಥೆ ಈಗಲೂ ಅಲ್ಲಿ ಓಡಾಡುತ್ತದೆ. ಹೊರಗೆ ಹೋಗಬೇಕೆಂದರೆ ಗಡಿಗೆರೆ ದಾಟಿದರೆ ನೆವಾಡಾ. ಅಲ್ಲಿ ಜೂಜಿಗೆ 1931ರಿಂದ ಕಾನೂನಿನ ಒಪ್ಪಿಗೆ ಇತ್ತು. ಸ್ಟೇಟ್ ಲೈನ್ ಎಂಬ ಹೋಟೆಲಿನಲ್ಲಿ ಸೈನಿಕರ ಸಂಜೆಗಳು ಕಳೆಯುತ್ತಿದ್ದವು. ಉಳಿದಂತೆ ಹಾರುವುದು, ಮಲಗುವುದು, ಮನೆಗೆ ಕಾಗದ ಬರೆಯುವುದು.

ಮತ್ತೆ ಸಾವು. ಕಲಿಕೆಯಲ್ಲೇ ಸಾವು. ಯುದ್ಧದ ವರ್ಷಗಳಲ್ಲಿ ಅಮೆರಿಕದ ನೆಲದೊಳಗಿನ ವಿಮಾನ ಅಪಘಾತಗಳಲ್ಲಿ ಸತ್ತ ವಾಯುಸೇನೆಯವರ ಸಂಖ್ಯೆ ಸುಮಾರು 15,000. ಒಬ್ಬ ಶತ್ರುವನ್ನೂ ಕಾಣದೆ ಹೋದವರು ಇವರು. ಬೇಗ ಬೇಗ ಕಲಿಸಬೇಕಿತ್ತು, ಹೊಸ ವಿಮಾನ, ಹೊಸ ಕೈ. ಯುದ್ಧದ ಕಥೆಗಳಲ್ಲಿ ಈ ಹುಡುಗರ ಹೆಸರು ಬರುವುದು ಕಡಿಮೆ. ನನಗೆ ಇದು ತುಂಬಾ ನೋವಿನ ವಿಷಯ.

ಮೋಡದ ಕೆಳಗಿನ ಯುರೋಪ್

306ನೇ ಗುಂಪು 1942ರ ಬೇಸಿಗೆಯ ಕೊನೆಗೆ ಇಂಗ್ಲೆಂಡಿಗೆ ಹೊರಟಿತು. ಬೆಡ್‌ಫರ್ಡ್ ಹತ್ತಿರದ ಥರ್ಲೈ ಅವರ ನೆಲೆ. ಅಕ್ಟೋಬರ್ 9ರಂದು ಫ್ರಾನ್ಸಿನ ಲೀಲ್ ಊರಿನ ಮೇಲೆ ಮೊದಲ ದಾಳಿ. 1943ರ ಜನವರಿ 27ರಂದು ಅಮೆರಿಕದ ಬಾಂಬರ್‌ಗಳು ಮೊದಲ ಸಲ ಜರ್ಮನಿಯ ನೆಲದ ಮೇಲೆ, ವಿಲ್‌ಹೆಲ್ಮ್‌ಸ್ಹಾವನ್ ಬಂದರಿನ ಮೇಲೆ, ದಾಳಿ ಮಾಡಿದಾಗ ಮುಂದೆ ನಿಂತದ್ದು ಇದೇ ಗುಂಪು.

ಆದರೆ ಇಂಗ್ಲೆಂಡಿನ ಆಕಾಶ ಯೂಟಾದ ಆಕಾಶವಾಗಿರಲಿಲ್ಲ. ಮಂಜು, ಮಳೆ, ಪದರ ಪದರ ಮೋಡ. ಬೆಳಿಗ್ಗೆ ಹೊರಟವರು ಗುರಿಯ ಮೇಲೆ ಬಂದು ನೋಡಿದರೆ ಕೆಳಗೆ ಬರೀ ಬಿಳಿ. ಉಪ್ಪಿನ ಬಿಳಿಯಲ್ಲ, ಮೋಡದ ಬಿಳಿ. ಬಾಂಬ್ ಹಾಕದೆ ಮರಳಿದ ದಿನಗಳು ಎಷ್ಟೋ. ಆಕಾಶ ತಿಳಿಯಾದರೆ ಕೆಳಗಿನ ಫಿರಂಗಿಗಳಿಗೂ ಇವರು ಚೆನ್ನಾಗಿ ಕಾಣುತ್ತಿದ್ದರು. ನಾರ್ಡನ್ ಕೇಳುವ ಆ ನೇರ, ಅಲುಗಾಡದ ಕೆಲವು ನಿಮಿಷಗಳೇ ವಿಮಾನಕ್ಕೆ ಅತಿ ಅಪಾಯದ ನಿಮಿಷಗಳಾದವು. ಉಪ್ಪಿನ ಊರು ಎಂದೂ ತಿರುಗಿ ಹೊಡೆದಿರಲಿಲ್ಲ.

ಇದರ ಲೆಕ್ಕ ಯುದ್ಧ ಮುಗಿದ ಮೇಲೆ ಬಂತು. ಅಮೆರಿಕ ಸರ್ಕಾರವೇ ಮಾಡಿಸಿದ ಬಾಂಬ್ ದಾಳಿಗಳ ಸಮೀಕ್ಷೆಯ ಪ್ರಕಾರ, ನಿಖರ ಗುರಿಗಳಿಗೆಂದು ಹಾಕಿದ ಬಾಂಬ್‌ಗಳಲ್ಲಿ ಗುರಿಯಿಂದ 1,000 ಅಡಿ ದೂರದೊಳಗೆ ಬಿದ್ದದ್ದು ಒಟ್ಟಾರೆ ಶೇಕಡ 20ರಷ್ಟು ಮಾತ್ರ. ಉಳಿದವು ಅದರ ಹೊರಗೆ, ಎಂದರೆ ಬಹಳ ಸಲ ಮನೆಗಳ ಮೇಲೆ, ಹೊಲಗಳ ಮೇಲೆ. ಮೋಡದ ಮೂಲಕ ನೋಡಲು ರಾಡಾರ್ ತಂದರು. ಅಮೆರಿಕನ್ನರು ತಮ್ಮ ಹೊಸ ರಾಡಾರ್ ಬಳಸಿ ಮೊದಲ ದಾಳಿ ಮಾಡಿದ್ದು 1943ರ ನವೆಂಬರ್ 3ರಂದು, ಮತ್ತೆ ಅದೇ ವಿಲ್‌ಹೆಲ್ಮ್‌ಸ್ಹಾವನ್ ಮೇಲೆ. ರಾಡಾರ್‌ಗೆ ಕಾರ್ಖಾನೆ ಬೇರೆ, ಬೀದಿ ಬೇರೆ ಎಂದು ಹೇಳಲು ಆಗುತ್ತಿರಲಿಲ್ಲ. ಅದಕ್ಕೆ ಕಾಣುತ್ತಿದ್ದದ್ದು ಊರು.

ಹಾಗಾದರೆ ವೆಂಡೋವರ್‌ನ ಕಲಿಕೆ ವ್ಯರ್ಥವೇ? ನಾನು ಹಾಗೆ ಹೇಳಲಾರೆ. ಹತ್ತು ಅಪರಿಚಿತರು ಒಂದು ತಂಡವಾದದ್ದು ಅಲ್ಲಿ. ಕೈಗೆ ಅಭ್ಯಾಸ ಕೂತದ್ದು ಅಲ್ಲಿ. ಮಂಜಿನಲ್ಲಿ ಕಲಿಸಲು ಹೋಗಿದ್ದರೆ ಅಷ್ಟು ಬೇಗ ಅಷ್ಟು ಜನರನ್ನು ತಯಾರು ಮಾಡಲು ಆಗುತ್ತಲೇ ಇರಲಿಲ್ಲ. ಆದರೆ ತಿಳಿ ಆಕಾಶವನ್ನು ನಂಬಿ ಕಟ್ಟಿದ ಕಲಿಕೆ ಮೋಡವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂಬುದೂ ನಿಜ. 100ನೇ ಗುಂಪಿನ ಕಥೆ ಇದಕ್ಕೆ ಇನ್ನೊಂದು ಸಾಕ್ಷಿ. ಎಲ್ಲ ಹಂತ ಮುಗಿದ ಮೇಲೆ, 1943ರ ಏಪ್ರಿಲ್‌ನಲ್ಲಿ, ಅವರಿಗೆ ನೆಬ್ರಾಸ್ಕಾದಿಂದ ಕ್ಯಾಲಿಫೋರ್ನಿಯಾಕ್ಕೆ ಹಾರುವ ಪರೀಕ್ಷೆ ಇಟ್ಟರು. ವಿಮಾನಗಳು ದಿಕ್ಕಾಪಾಲಾದವು. ಒಂದಷ್ಟು ಲಾಸ್ ವೇಗಾಸ್‌ನಲ್ಲಿ ಇಳಿದವು. ಒಂದಂತೂ ಪಶ್ಚಿಮ ಬಿಟ್ಟು ಪೂರ್ವದ ಟೆನೆಸಿಯಲ್ಲಿ ಇಳಿಯಿತು. ಆಮೇಲೆ ಇಂಗ್ಲೆಂಡಿಗೆ ಹೋದ ಈ ಗುಂಪಿಗೆ 'ರಕ್ತಸಿಕ್ತ ನೂರನೆಯದು' ಎಂಬ ಹೆಸರು ಬಂತು. 1943ರ ಅಕ್ಟೋಬರ್ 10ರಂದು ಮ್ಯೂನ್‌ಸ್ಟರ್ ಮೇಲೆ ಹೋದ ಇವರ 13 ವಿಮಾನಗಳಲ್ಲಿ ನೆಲೆಗೆ ಮರಳಿದ್ದು ಒಂದೇ ಒಂದು. ಇಂಗ್ಲೆಂಡಿನಿಂದ ಹಾರಿದ ಅಮೆರಿಕದ 8ನೇ ವಾಯುಸೇನೆಯಲ್ಲಿ ಸತ್ತವರು ಒಟ್ಟು ಸುಮಾರು 26,000.

ಎಲ್ಲರೂ ಯುರೋಪಿಗೆ ಹೋಗಲಿಲ್ಲ. 1942ರ ಕೊನೆಯ ತಿಂಗಳುಗಳಲ್ಲಿ ವೆಂಡೋವರ್‌ನಲ್ಲಿದ್ದ 308ನೇ ಗುಂಪು ಬಿ-24 ವಿಮಾನಗಳೊಂದಿಗೆ ಭಾರತದ ಮೂಲಕ ಚೀನಾಕ್ಕೆ ಹೋಯಿತು. ತನಗೆ ಬೇಕಾದ ಪೆಟ್ರೋಲು, ಬಾಂಬುಗಳನ್ನು ಭಾರತದಿಂದ ಹಿಮಾಲಯದ ಮೇಲೆ ತಾನೇ ಹೊತ್ತುಕೊಂಡು ಹೋಗಬೇಕಿತ್ತು. ಚೀನಾ-ಬರ್ಮಾ-ಭಾರತ ರಂಗದ ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿ ನಡೆಯುತ್ತಿದ್ದ ಜಾಗಗಳಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಒಂದು. 1943ರಲ್ಲಿ ಅದನ್ನು ಅಮೆರಿಕದ ವಾಯುಸೇನೆಯೇ ನಡೆಸತೊಡಗಿತ್ತು. ಅಮೆರಿಕದ ಮರುಭೂಮಿಗಳಲ್ಲಿ ಹಾರಲು ಕಲಿತವರ ವಿಮಾನಗಳಿಗೆ ಬೆಂಗಳೂರಿನ ಫಿಟ್ಟರ್‌ಗಳ ಕೈ ತಾಗಿದ್ದು ಹೀಗೆ.

ಗುಟ್ಟಿನ ದಳ

1944ರ ಬೇಸಿಗೆಯ ಹೊತ್ತಿಗೆ ವೆಂಡೋವರ್‌ನ ಗದ್ದಲ ಇಳಿಯತೊಡಗಿತ್ತು. ಭಾರಿ ಬಾಂಬರ್ ಗುಂಪುಗಳ ಕಲಿಕೆ ಬಹುಮಟ್ಟಿಗೆ ಮುಗಿದಿತ್ತು. ಆಗ ಪಾಲ್ ಟಿಬೆಟ್ಸ್ ಬಂದರು.

ಟಿಬೆಟ್ಸ್‌ಗೆ ಆಗ 29 ವರ್ಷ. 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರೂಆನ್ ಮೇಲೆ, ಇಂಗ್ಲೆಂಡಿನಿಂದ ಹೊರಟ ಅಮೆರಿಕದ ಭಾರಿ ಬಾಂಬರ್‌ಗಳು ನಡೆಸಿದ ಮೊದಲ ಹಗಲು ದಾಳಿಯ ಮುಂದಿನ ವಿಮಾನ ಅವರದು. ಆಮೇಲೆ ಹೊಸ ಬಿ-29 ವಿಮಾನದ ಪರೀಕ್ಷೆಗಳಲ್ಲಿದ್ದರು. 1944ರ ಸೆಪ್ಟೆಂಬರ್ ಆರಂಭದಲ್ಲಿ ಅವರನ್ನು ಕೊಲರಾಡೋ ಸ್ಪ್ರಿಂಗ್ಸ್‌ಗೆ ಕರೆಸಿ, ಇನ್ನೂ ತಯಾರಾಗದ ಒಂದು ಹೊಸ ಬಾಂಬ್ ಬಗ್ಗೆ ಹೇಳಿದರು. ಅದನ್ನು ಹಾಕುವ ದಳವನ್ನು ಕಟ್ಟುವ ಕೆಲಸ ಅವರಿಗೆ. ನೆಲೆಗಾಗಿ ಮೂರು ಜಾಗ ತೋರಿಸಿದರು: ಕಾನ್ಸಾಸ್‌ನ ಗ್ರೇಟ್ ಬೆಂಡ್, ಐಡಹೋದ ಮೌಂಟನ್ ಹೋಮ್, ಮತ್ತು ವೆಂಡೋವರ್. ಅವರು ಆರಿಸಿದ್ದು ವೆಂಡೋವರ್.

ಕಾರಣ ನೋಡಿ. ಸೈನಿಕರು ಯಾವುದಕ್ಕೆ ಗೊಣಗುತ್ತಿದ್ದರೋ ಅದೇ ಈಗ ನೆಲೆಯ ದೊಡ್ಡ ಗುಣವಾಯಿತು. ಯಾರೂ ಸುಮ್ನೆ ಹಾದು ಹೋಗದ ಜಾಗ. ಬಂದವರು ಯಾರು, ಹೋದವರು ಯಾರು ಎಂದು ನೋಡುವುದು ಸುಲಭ. ಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಾಮೋಸ್‌ಗೆ ವಿಮಾನದಲ್ಲಿ ಹೋಗಿ ಬರಬಹುದು. ಪರೀಕ್ಷೆಗೆ ಪಕ್ಕದಲ್ಲೇ ಬಯಲು. ಕಟ್ಟಡ, ರನ್‌ವೇ ಎಲ್ಲ ಸಿದ್ಧ.

ನೆಬ್ರಾಸ್ಕಾದಿಂದ 393ನೇ ಸ್ಕ್ವಾಡ್ರನ್ ಬಂತು. ಡಿಸೆಂಬರ್ 17ರಂದು 509ನೇ ಸಂಯುಕ್ತ ಗುಂಪು ಅಧಿಕೃತವಾಗಿ ಹುಟ್ಟಿತು. 225 ಅಧಿಕಾರಿಗಳು, 1,542 ಸೈನಿಕರು. ಅವರದೇ ಸಾಗಣೆ ವಿಮಾನಗಳು, ಅವರದೇ ಕಾವಲು. ಇಷ್ಟು ಜನರಲ್ಲಿ ಬಾಂಬ್ ಏನೆಂದು ಗೊತ್ತಿದ್ದವರು ಬೆರಳೆಣಿಕೆ. ಯಾರೂ ತಮ್ಮ ಕೆಲಸದ ಬಗ್ಗೆ ಹೆಂಡತಿಯ ಹತ್ತಿರವೂ ಮಾತಾಡುವಂತಿಲ್ಲ. ರಜೆಗೆ ಮನೆಗೆ ಹೊರಟವರ ದಾರಿಯಲ್ಲಿ ಗುಪ್ತಚರರನ್ನು ಇಟ್ಟು, ಬಾಯಿ ಬಿಟ್ಟವರನ್ನು ದೂರದ ಬೇರೆ ಜಾಗಗಳಿಗೆ ಕಳಿಸಿದೆವು ಎಂದು ಟಿಬೆಟ್ಸ್ ಮುಂದೆ ಹೇಳಿಕೊಂಡರು. ಅವರೇ ಹೇಳಿದ ಇನ್ನೊಂದು ಪ್ರಸಂಗ: ನೆಲೆಗೆ ಬರುತ್ತಿದ್ದ ಬಿಳಿ ಅಂಗಿಯ ವಿಜ್ಞಾನಿಗಳು ಯಾರೆಂದು ಹೆಂಡತಿ ಕೇಳಿದಾಗ, ಚರಂಡಿ ಕೆಲಸದ ಎಂಜಿನಿಯರ್‌ಗಳು ಎಂದುಬಿಟ್ಟರಂತೆ. ಒಂದು ದಿನ ಮನೆಗೆ ಬಂದು ನೋಡಿದರೆ ಆಕೆ ಅವರಲ್ಲೊಬ್ಬರನ್ನು ಕರೆದು ಕಟ್ಟಿಕೊಂಡ ಮೋರಿ ಸರಿ ಮಾಡಿಸುತ್ತಿದ್ದರು.

ಈ ದಳದ ಅಭ್ಯಾಸವೂ ಬೇರೆ ರೀತಿ. ಹಳೆಯ ಗುಂಪುಗಳು ನೂರಾರು ಬಾಂಬ್‌ಗಳನ್ನು ಒಟ್ಟಿಗೆ ಸುರಿಯಲು ಕಲಿತಿದ್ದರು. ಇವರು ಒಂದೇ ವಿಮಾನದಿಂದ ಒಂದೇ ಬಾಂಬ್ ಹಾಕಬೇಕು, ಸುಮಾರು 30,000 ಅಡಿ ಎತ್ತರದಿಂದ, ಅದೂ ಕಣ್ಣಿಂದ ನೋಡಿಯೇ. ಬಿಟ್ಟ ಕೂಡಲೇ 155 ಡಿಗ್ರಿ ತಿರುಗಿ, ಮೂಗು ತಗ್ಗಿಸಿ ಓಡಬೇಕು. ಏಕೆ ಹೀಗೆ ಓಡಬೇಕು ಎಂದು ಹುಡುಗರಿಗೆ ಹೇಳಿರಲಿಲ್ಲ. ಅವರ ಬಿ-29ಗಳನ್ನೂ ಬದಲಿಸಿದ್ದರು. ಬಾಲದ ಗನ್ ಬಿಟ್ಟು ಉಳಿದ ಗನ್‌ಗಳನ್ನೆಲ್ಲ, ಉಕ್ಕಿನ ಕವಚವನ್ನೂ ತೆಗೆದು ಹಗುರ ಮಾಡಿದ್ದರು. ಹಗುರವಾದರೆ ಮೇಲೆ ಹೋಗಬಹುದು, ಬೇಗ ಓಡಬಹುದು.

ಬಾಂಬಿನ ಹೊರ ಆಕಾರದ ಪರೀಕ್ಷೆಗಳೂ ಇಲ್ಲಿ ನಡೆದವು. ಮೊದಲ ಪರೀಕ್ಷೆಗಳು 1944ರ ಆರಂಭದಲ್ಲಿ ಮ್ಯುರಾಕ್‌ನಲ್ಲಿ ನಡೆದಿದ್ದವು. ಮೊಟ್ಟೆಯಂತೆ ಉಬ್ಬಿದ 'ಫ್ಯಾಟ್ ಮ್ಯಾನ್' ಎಂಬ ಬಾಂಬ್ ಬೀಳುವಾಗ ತೂರಾಡುತ್ತಿತ್ತು, ಬಾಲದೊಳಗೆ ಅಡ್ಡ ತಗಡುಗಳನ್ನು ಬೆಸುಗೆ ಹಾಕಿ ಅದನ್ನು ನೆಟ್ಟಗೆ ಮಾಡಿದರು. ವೆಂಡೋವರ್‌ಗೆ ಬಂದ ಮೇಲೆ ಅಣು ಇಲ್ಲದ ಖಾಲಿ ಬಾಂಬ್‌ಗಳನ್ನು ಮತ್ತೆ ಮತ್ತೆ ಹಾಕಿ ನೋಡಿದರು. ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಸಿಡಿಸುವ ಫ್ಯೂಸ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಿದರು. ಬಾಂಬ್ ಒಂದೂವರೆ ಮೀಟರ್ ದಪ್ಪ, ಸುಮಾರು 4.7 ಟನ್ ತೂಕ. ವಿಮಾನದ ಹೊಟ್ಟೆಯ ಕೆಳಗೆ ಅದನ್ನು ತಳ್ಳಿಕೊಂಡು ಹೋಗಲು ಜಾಗವೇ ಇಲ್ಲ. ಅದಕ್ಕೆ ನೆಲದಲ್ಲಿ ಗುಂಡಿ ತೋಡಿ, ಬಾಂಬನ್ನು ಗುಂಡಿಯೊಳಗೆ ಇಳಿಸಿ, ಅದರ ಮೇಲೆ ವಿಮಾನವನ್ನು ತಂದು ನಿಲ್ಲಿಸಿ, ಕೆಳಗಿನಿಂದ ಲಿಫ್ಟ್‌ನಲ್ಲಿ ಎತ್ತಿ ಒಳಗೆ ಕೂರಿಸುತ್ತಿದ್ದರು.

1945ರ ಬೇಸಿಗೆಗೆ ದಳ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪಕ್ಕೆ ಹೋಯಿತು.

ಆಗಸ್ಟ್ 6ರ ಬೆಳಿಗ್ಗೆ ಹಿರೋಷಿಮಾದ ಮೇಲೆ ಆಕಾಶ ತಿಳಿಯಾಗಿತ್ತು, ವೆಂಡೋವರ್‌ನ ಹಾಗೆ. ಬಾಂಬಾರ್ಡಿಯರ್ ಥಾಮಸ್ ಫೆರೆಬಿ ಗುರಿ ಇಟ್ಟದ್ದು ಟಿ ಆಕಾರದ ಅಯೋಯಿ ಸೇತುವೆಗೆ. ಎಂಟೂ ಕಾಲು ಗಂಟೆಗೆ ಬಿಟ್ಟ ಬಾಂಬ್ ಮುಕ್ಕಾಲು ನಿಮಿಷದಷ್ಟು ಹೊತ್ತು ಬಿದ್ದು, ಸೇತುವೆಯಿಂದ ಸುಮಾರು 240 ಮೀಟರ್ ಪಕ್ಕಕ್ಕೆ, ಶೀಮಾ ಆಸ್ಪತ್ರೆಯ ಮೇಲೆ ಸಿಡಿಯಿತು. ವೆಂಡೋವರ್‌ನ ಲೆಕ್ಕದ ಪುಸ್ತಕದಲ್ಲಿ ಅದು ಒಳ್ಳೆಯ ಎಸೆತ. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000.

ಮೂರು ದಿನದ ನಂತರ ಮೋಡ ಮತ್ತೆ ಕಥೆಗೆ ಬಂತು. ಆಗಸ್ಟ್ 9ರ ಮೊದಲ ಗುರಿ ಕೊಕುರಾ ನಗರ. ಮಬ್ಬು, ಹೊಗೆ. ಕಣ್ಣಿಂದ ನೋಡಿಯೇ ಹಾಕಬೇಕು ಎಂಬ ಅಪ್ಪಣೆ ಇತ್ತು. ಚಾರ್ಲ್ಸ್ ಸ್ವೀನಿ ನಡೆಸುತ್ತಿದ್ದ 'ಬಾಕ್ಸ್‌ಕಾರ್' ವಿಮಾನ ಮೂರು ಸಲ ಸುತ್ತಿ ಬಂದರೂ ಗುರಿ ಕಾಣಲಿಲ್ಲ. ಕೊಕುರಾ ಉಳಿಯಿತು. ವಿಮಾನ ನಾಗಾಸಾಕಿಗೆ ತಿರುಗಿತು. ಅಲ್ಲೂ ಮೋಡ. ಕೊನೆಗೆ ಸಿಕ್ಕ ಒಂದು ಸಂದಿಯಲ್ಲಿ ಬಾಂಬಾರ್ಡಿಯರ್ ಕರ್ಮಿಟ್ ಬೀಹನ್ ಬಾಂಬ್ ಬಿಟ್ಟರು. ಅದು ಅಂದುಕೊಂಡ ಜಾಗದಿಂದ ಸುಮಾರು 3 ಕಿಲೋಮೀಟರ್ ಆಚೆ, ಉರಾಕಾಮಿ ಕಣಿವೆಯ ಮೇಲೆ ಸಿಡಿಯಿತು. ಅಲ್ಲಿ ಮನೆಗಳಿದ್ದವು, ಶಾಲೆಗಳಿದ್ದವು, ದೊಡ್ಡ ಚರ್ಚ್ ಇತ್ತು. ಅಲ್ಲಿ ಸತ್ತವರು ಸುಮಾರು 70,000. ಒಂದು ಊರು ಉಳಿದದ್ದು, ಇನ್ನೊಂದು ಅಳಿದದ್ದು ಆ ಬೆಳಗಿನ ಮೋಡದ ಮೇಲೆ ನಿಂತಿತ್ತು.

ಆಮೇಲೆ

ಯುದ್ಧ ಮುಗಿದ ಮೇಲೆ ಕೆಲವು ಕಾಲ ಕ್ಷಿಪಣಿ ಪರೀಕ್ಷೆಗಳು ನಡೆದವು. ಆಮೇಲೆ ನೆಲೆ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಮರದ ಕಟ್ಟಡಗಳಲ್ಲಿ ಬಹುಪಾಲು ಹೋದವು. 1975ರಲ್ಲಿ ಇದನ್ನು ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ಈಗ ಅಲ್ಲಿ ಒಂದು ಮ್ಯೂಸಿಯಂ ಇದೆ. ಉಪ್ಪು, ಗಾಳಿ, ಬಿಸಿಲಿನಲ್ಲಿ ಹಾಳಾಗುತ್ತಿದ್ದ ದೊಡ್ಡ ಹ್ಯಾಂಗರ್ ಒಂದನ್ನು ಜನ ಮುತುವರ್ಜಿಯಿಂದ ರಿಪೇರಿ ಮಾಡಿಸಿದ್ದಾರೆ.

ಆ ಹ್ಯಾಂಗರ್‌ಗೆ 'ಎನೋಲಾ ಗೇ ಹ್ಯಾಂಗರ್' ಎಂದು ಹೆಸರು. ಆದರೆ ಹಿರೋಷಿಮಾಕ್ಕೆ ಹೋದ ಆ ವಿಮಾನ ವೆಂಡೋವರ್‌ಗೆ ಬಂದದ್ದು 1945ರ ಜೂನ್ 14ರಂದು. ಹದಿಮೂರು ದಿನಕ್ಕೆ ಹೊರಟೂ ಹೋಯಿತು. ಆಗ ಅದಕ್ಕೆ ಆ ಹೆಸರೂ ಇರಲಿಲ್ಲ. ಟಿಬೆಟ್ಸ್ ತಮ್ಮ ತಾಯಿಯ ಹೆಸರನ್ನು ಅದರ ಮೇಲೆ ಬರೆಸಿದ್ದು ಟಿನಿಯನ್‌ನಲ್ಲಿ. ಹದಿಮೂರು ದಿನ ಇದ್ದ ವಿಮಾನದ ಹೆಸರು ಗೋಡೆಗೆ ಅಂಟಿಕೊಂಡಿತು. ತಿಂಗಳುಗಟ್ಟಲೆ ಅಲ್ಲಿ ಧೂಳು ತಿಂದು, ಮರಳಿನ ಬಾಂಬ್ ಹಾಕಿ, ಮೋಡದ ನಾಡಿಗೆ ಹೋಗಿ ಮರಳದ ಇಪ್ಪತ್ತು ಗುಂಪುಗಳ ಹುಡುಗರನ್ನು ನೆನೆಯುವವರು ಬಹಳ ಕಡಿಮೆ. ಉಪ್ಪಿನ ಊರಿನ ಪಾಠ ಮೊದಲು ಕಲಿತವರು ಅವರು. ಅವರ ಹೆಸರನ್ನೂ ಅಲ್ಲಿ ಅಷ್ಟೇ ದೊಡ್ಡದಾಗಿ ಬರೆಯಬೇಕು ಎಂದು ನನ್ನ ಆಸೆ. ಅವರ ಬಾಂಬ್‌ಗಳ ಕೆಳಗೆ ಇದ್ದವರನ್ನೂ ಅದೇ ಗೋಡೆಯಲ್ಲಿ ನೆನೆಯಬೇಕು.

ಎನೋಲಾ ಗೇ ಈಗ ವರ್ಜೀನಿಯಾದ ಮ್ಯೂಸಿಯಂನಲ್ಲಿದೆ. ವೆಂಡೋವರ್‌ನಲ್ಲಿ ಬಾಂಬ್ ಇಳಿಸುತ್ತಿದ್ದ ಗುಂಡಿಯನ್ನು ಈಗಲೂ ನೋಡಬಹುದು. ಯುದ್ಧಕ್ಕೆಂದು ಪಡೆದ ಬಯಲಿನ ದೊಡ್ಡ ಭಾಗ ಕುರಿಗಾರರಿಗೆ ಮರಳಿ ಸಿಗಲಿಲ್ಲ. ಅದು ಇವತ್ತು ಯೂಟಾ ಪರೀಕ್ಷಾ ಮತ್ತು ತರಬೇತಿ ವಲಯದ ಭಾಗ. ಅಮೆರಿಕದ ವಾಯುಸೇನೆಯ ಪೈಲಟ್‌ಗಳು ಈಗಲೂ ಅಲ್ಲೇ ಬಾಂಬ್ ಹಾಕಲು ಕಲಿಯುತ್ತಾರೆ.